ಟಿಕೆಟ್ ಕನ್ಫರ್ಮ್ ಇತ್ತು, ಆದರೂ ವಿಮಾನ ಹತ್ತಿಸಲಿಲ್ಲ. ದುಡ್ಡು ಸಿಗುತ್ತಾ?

ಪ್ರಶ್ನೆ: ಸರ್, ನಮ್ಮದು ಆಲೂರು ಹತ್ತಿರದ ಹಳ್ಳಿ. ಕಳೆದ ನವೆಂಬರಿನಲ್ಲಿ ದೆಹಲಿಯಲ್ಲಿರುವ ತಂಗಿಯ ಗೃಹಪ್ರವೇಶಕ್ಕೆ ನಾನು, ಹೆಂಡತಿ, ಅಪ್ಪ, ಅಮ್ಮ ನಾಲ್ವರೂ ಹೊರಟಿದ್ದೆವು. ಹಾಸನದ ಏಜೆಂಟರ ಹತ್ತಿರ ಎರಡು ತಿಂಗಳ ಮೊದಲೇ ಬುಕ್ ಮಾಡಿಸಿದ್ದು. ಒಬ್ಬೊಬ್ಬರಿಗೆ 6,200 ರೂಪಾಯಿ. ಬೆಂಗಳೂರಿನಿಂದ ಸಂಜೆ 6.40ರ ವಿಮಾನ. ನಾವು 4.30ಕ್ಕೆಲ್ಲ ಕೌಂಟರಿನ ಮುಂದೆ ಇದ್ದೆವು. ಅಪ್ಪ ಅಮ್ಮನಿಗೆ ಬೋರ್ಡಿಂಗ್ ಪಾಸ್ ಕೊಟ್ಟರು, ನಮ್ಮಿಬ್ಬರಿಗೆ ‘ಪಕ್ಕದಲ್ಲಿ ನಿಂತಿರಿ’ ಎಂದರು. 6 ಗಂಟೆಗೆ ‘ಫ್ಲೈಟ್ ಫುಲ್’ ಎಂದರು. ಮೊದಲ ಸಲ ವಿಮಾನ ಹತ್ತಿದ, ಹಿಂದಿ ಬಾರದ ಅಪ್ಪ ಅಮ್ಮ ಇಬ್ಬರೇ ಹೋದರು. ನಮಗೆ ಮರುದಿನ ಬೆಳಿಗ್ಗೆ 7.15ರ ವಿಮಾನ, 500 ರೂಪಾಯಿಯ ಊಟದ ಕೂಪನ್. ಯಾವುದೋ ಹಾಳೆಗೆ ಸಹಿ ಹಾಕಿಸಿಕೊಂಡರು. ನಾವು ಹೋಗಿ ತಲುಪುವಷ್ಟರಲ್ಲಿ ಗೃಹಪ್ರವೇಶ ಮುಗಿದಿತ್ತು. ಈಗ ಪರಿಹಾರ ಕೇಳಿದರೆ, ‘ನೀವು ತಡವಾಗಿ ಬಂದಿದ್ದಿರಿ, ಮಾನವೀಯತೆಯಿಂದ ಮರುದಿನ ಕಳಿಸಿದೆವು’ ಎಂದು ಮೇಲ್ ಬಂದಿದೆ. ಏಜೆಂಟರು ‘ಬಿಟ್ಟಾಕಿ ಅಣ್ಣ, ಏನೂ ಆಗಲ್ಲ, ಕೇಸ್ ಹಾಕೋಕೆ ಕಂಪನಿ ಇರೋ ಊರಿಗೇ ಹೋಗಬೇಕು’ ಅನ್ನುತ್ತಾರೆ. ನಿಜವಾಗಿ ಏನೂ ಸಿಗುವುದಿಲ್ಲವಾ?

ಉತ್ತರ: ಸಿಗುತ್ತದೆ. ನೀವು ಕಳಿಸಿದ ಟಿಕೆಟ್ ಪ್ರತಿ ನೋಡಿದೆ. ನನ್ನ ಲೆಕ್ಕದಲ್ಲಿ ಒಬ್ಬರಿಗೆ 9,000, ಇಬ್ಬರಿಗೆ 18,000 ರೂಪಾಯಿ. ಇದು ಅವರು ದಯೆ ತೋರಿಸಿ ಕೊಡುವ ದುಡ್ಡಲ್ಲ, ನಿಯಮದಲ್ಲೇ ಬರೆದಿರುವ ದುಡ್ಡು. ಏಜೆಂಟರ ಮಾತು ಸದ್ಯಕ್ಕೆ ಪಕ್ಕಕ್ಕಿಡಿ. ಅವರು ದಿನಾ ಅದೇ ಕಂಪನಿಯ ಟಿಕೆಟ್ ಮಾರಬೇಕು, ಜಗಳ ಅವರಿಗೆ ಬೇಡ.

ಮೊದಲು ನನ್ನ ಬಗ್ಗೆ ಒಂದು ಮಾತು. ಈಗ ಚಿಕ್ಕಮಗಳೂರಿನಲ್ಲಿ ಅಣ್ಣನ ಜೊತೆ ತೋಟ ನೋಡಿಕೊಂಡಿದ್ದೇನೆ, ಆದರೆ ಅದಕ್ಕೂ ಮೊದಲು 14 ವರ್ಷ ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನ ಆ ಕಡೆ ಕೂತಿದ್ದವನು ನಾನು. ‘ಪಕ್ಕದಲ್ಲಿ ನಿಂತಿರಿ’ ಎಂದು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ನಿಮಗೆ ಏನಾಯಿತು ಎನ್ನುವುದು ಪತ್ರದ ಎರಡನೇ ಸಾಲಿಗೇ ಗೊತ್ತಾಯಿತು.

ಸೀಟಿಗಿಂತ ಜಾಸ್ತಿ ಟಿಕೆಟ್ ಮಾರುವುದು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ನಮ್ಮ ಕಡೆಯ ಮದುವೆ ನೆನಪಿಸಿಕೊಳ್ಳಿ. 1000 ಪತ್ರ ಹಂಚಿದವರು 1000 ಎಲೆಗೆ ಅಡುಗೆ ಮಾಡಿಸುತ್ತಾರಾ? ಇಲ್ಲ. ಅಡುಗೆ ಭಟ್ಟರೇ ‘700ಕ್ಕೆ ಇಡೋಣ ಬಿಡಿ’ ಅನ್ನುತ್ತಾರೆ. ಬರುತ್ತೇವೆ ಎಂದವರಲ್ಲಿ ಎಷ್ಟು ಜನ ಬರುವುದಿಲ್ಲ ಎಂಬ ಅಂದಾಜು ಅವರಿಗಿರುತ್ತದೆ. ವಿಮಾನ ಕಂಪನಿಯದ್ದೂ ಅದೇ ಲೆಕ್ಕ. 180 ಸೀಟಿನ ವಿಮಾನಕ್ಕೆ ನಾಲ್ಕೈದು ಟಿಕೆಟ್ ಜಾಸ್ತಿ ಮಾರುತ್ತಾರೆ, ಅಷ್ಟು ಜನ ಹೇಗೂ ಬರುವುದಿಲ್ಲ ಎಂಬ ನಂಬಿಕೆಯ ಮೇಲೆ. ಹೆಚ್ಚಿನ ದಿನ ಲೆಕ್ಕ ಸರಿಹೋಗುತ್ತದೆ. ದೀಪಾವಳಿ ವಾರದಲ್ಲಿ, ಉದ್ದನೆಯ ರಜೆಯಲ್ಲಿ, ಮದುವೆ ಸೀಸನ್ನಿನಲ್ಲಿ ತಪ್ಪುತ್ತದೆ. ಒಂದೇ ವ್ಯತ್ಯಾಸ: ಮದುವೆ ಮನೆಯಲ್ಲಿ ಅಡುಗೆ ಸಾಲದಿದ್ದರೆ ಮನೆಯವರು ಉಪವಾಸ ಇದ್ದು ನೆಂಟರಿಗೆ ಬಡಿಸುತ್ತಾರೆ, ಇಲ್ಲಿ ದುಡ್ಡು ಕೊಟ್ಟ ನೆಂಟರನ್ನೇ ಎಬ್ಬಿಸುತ್ತಾರೆ.

ಹೀಗೆ ಜಾಸ್ತಿ ಮಾರುವುದು ನಮ್ಮ ದೇಶದಲ್ಲಿ ಅಪರಾಧವಲ್ಲ. ಇನ್ನೊಂದು ಕಾರಣವೂ ಇರುತ್ತದೆ. ದೊಡ್ಡ ವಿಮಾನ ಕೆಟ್ಟು ನಿಂತು, ಅದರ ಬದಲು ಚಿಕ್ಕದು ಬಂದರೆ ಸೀಟು ತಾನಾಗಿಯೇ ಕಡಿಮೆಯಾಗುತ್ತದೆ. ಕೌಂಟರಿನಲ್ಲಿ ‘ಆಪರೇಷನಲ್ ಕಾರಣ’ ಎಂದು ಏನೋ ಗೊಣಗುತ್ತಾರಲ್ಲ, ಬಹಳ ಸಲ ಅದು ಇದೇ. ನಿಮಗೆ ಕಾರಣ ಯಾವುದಾದರೂ ಒಂದೇ. ಕನ್ಫರ್ಮ್ ಟಿಕೆಟ್ ಇತ್ತು, ಹೇಳಿದ ಸಮಯಕ್ಕೆ ಬಂದಿದ್ದಿರಿ, ಬಂದವರಿಗಿಂತ ಸೀಟು ಕಡಿಮೆ ಇತ್ತು. ಈ ಮೂರು ಕೂಡಿದರೆ ಅದರ ಹೆಸರು ‘ಡಿನೈಡ್ ಬೋರ್ಡಿಂಗ್’. ಈ ಎರಡು ಪದ ಬಾಯಿಪಾಠ ಮಾಡಿಕೊಳ್ಳಿ. ನಿಮ್ಮ 18,000 ರೂಪಾಯಿ ನಿಂತಿರುವುದು ಈ ಪದದ ಮೇಲೆ.

ಇನ್ನು ನಿಯಮ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಇದಕ್ಕಾಗಿಯೇ ಒಂದು ನಿಯಮಪತ್ರ ಹೊರಡಿಸಿದೆ. 2010ರಲ್ಲಿ ಜಾರಿಗೆ ಬಂತು, 2016ರಲ್ಲಿ ಪರಿಹಾರದ ಮೊತ್ತ ಏರಿಸಿದರು. ಸೆಕ್ಷನ್ 3, ಸೀರೀಸ್ ಎಂ, ಪಾರ್ಟ್ 4 ಎಂದು ಅದರ ಗುರುತು. ದೂರಿನಲ್ಲಿ ಹಾಗೇ ಬರೆಯಿರಿ. ಬರೆಯುವ ದಿನ ಡಿಜಿಸಿಎ ಜಾಲತಾಣದಿಂದ ಚಾಲ್ತಿಯಲ್ಲಿರುವ ಪ್ರತಿಯನ್ನೇ ಇಳಿಸಿಕೊಂಡು ಜೊತೆಗಿಡಿ, ಎಲ್ಲೋ ಸಿಕ್ಕ ಹಳೆಯ ಪ್ರತಿ ಬೇಡ.

ಅದರ ಪ್ರಕಾರ ಸೀಟು ಕಡಿಮೆ ಬಿದ್ದರೆ ಕಂಪನಿ ಮೊದಲು ಮಾಡಬೇಕಾದ ಕೆಲಸ ಒಂದಿದೆ. ತಾವಾಗಿಯೇ ಸೀಟು ಬಿಟ್ಟುಕೊಡುವವರು ಯಾರಾದರೂ ಇದ್ದೀರಾ ಎಂದು ಪ್ರಯಾಣಿಕರನ್ನು ಕೇಳಬೇಕು, ಬಿಟ್ಟುಕೊಟ್ಟವರಿಗೆ ಏನಾದರೂ ಕೊಡಬೇಕು. ಯಾರೂ ಒಪ್ಪದಿದ್ದರೆ ಮಾತ್ರ ಒಲ್ಲದವರನ್ನು ಬಿಡಬಹುದು. ನಿಮ್ಮ ಪತ್ರದಲ್ಲಿ ಅಂಥ ಘೋಷಣೆಯ ಸುದ್ದಿಯೇ ಇಲ್ಲ. ಅದೂ ದೂರಿನಲ್ಲಿ ಒಂದು ಸಾಲು ಬರಲಿ.

ಒಲ್ಲದವರನ್ನು ಬಿಟ್ಟ ಮೇಲೆ ದುಡ್ಡಿನ ಲೆಕ್ಕ ಶುರು. ನಿಮ್ಮ ವಿಮಾನ ಹೊರಡಬೇಕಿದ್ದ ಸಮಯದಿಂದ 1 ಗಂಟೆಯೊಳಗೆ ಹೊರಡುವ ಬೇರೆ ವಿಮಾನದಲ್ಲಿ ಕಳಿಸಿದರೆ ಏನೂ ಕೊಡಬೇಕಿಲ್ಲ. 1 ಗಂಟೆ ದಾಟಿ, 24 ಗಂಟೆಯೊಳಗಿನ ವಿಮಾನ ಕೊಟ್ಟರೆ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ ಮೊತ್ತದ 200 ಪರ್ಸೆಂಟ್, ಆದರೆ 10,000 ರೂಪಾಯಿ ಮೀರುವಂತಿಲ್ಲ. 24 ಗಂಟೆಯ ಆಚೆಗೆ ಹೋದರೆ 400 ಪರ್ಸೆಂಟ್, 20,000 ಮೀರುವಂತಿಲ್ಲ. ‘ನಿಮ್ಮ ವಿಮಾನವೇ ಬೇಡ’ ಎಂದು ನೀವು ಎದ್ದು ಬಂದರೆ ಟಿಕೆಟಿನ ಪೂರ್ತಿ ದುಡ್ಡು ವಾಪಸ್, ಅದರ ಮೇಲೆ ಮತ್ತೆ 400 ಪರ್ಸೆಂಟ್, ಅಲ್ಲೂ 20,000ದ ಮಿತಿ.

ನಿಮ್ಮ ವಿಮಾನ ಸಂಜೆ 6.40ಕ್ಕೆ, ಕೊಟ್ಟಿದ್ದು ಮರುದಿನ ಬೆಳಿಗ್ಗೆ 7.15ಕ್ಕೆ. ಹನ್ನೆರಡೂವರೆ ಗಂಟೆ ಚಿಲ್ಲರೆ. ಅಂದರೆ 200 ಪರ್ಸೆಂಟಿನ ಸಾಲು. 6,200ರಲ್ಲಿ ಮೂಲ ದರ 4,100, ಇಂಧನ ಶುಲ್ಕ 400, ಉಳಿದ 1,700 ತೆರಿಗೆ ಮತ್ತು ನಿಲ್ದಾಣದ ಶುಲ್ಕ. ಆ 1,700 ಲೆಕ್ಕಕ್ಕೆ ಬರುವುದಿಲ್ಲ. 4,500ರ ಎರಡರಷ್ಟು 9,000. ಟಿಕೆಟಿನಲ್ಲಿ ‘ಇಂಧನ ಶುಲ್ಕ’ ಎಂದು ಬಿಡಿಸಿ ಬರೆದಿರದಿದ್ದರೆ ‘ವೈಕ್ಯು’ ಎಂಬ ಎರಡಕ್ಷರದ ಮುಂದೆ ಹುಡುಕಿ, ಎಷ್ಟೋ ಕಂಪನಿಗಳು ಅಲ್ಲಿ ತೋರಿಸುತ್ತವೆ.

ಒಂದು ವಿಷಯ ಹೇಳಿಬಿಡುತ್ತೇನೆ. ಈ ಮಿತಿ ನನಗೆ ಸರಿ ಕಾಣುವುದಿಲ್ಲ. ಕೊನೆ ಗಳಿಗೆಯಲ್ಲಿ ಮೂಲ ದರವೇ 9,000 ಕೊಟ್ಟು ಹೊರಟವರಿಗೂ 10,000 ಮಾತ್ರ, ಮತ್ತು ಆ ಗೆರೆ ಎಳೆದಿದ್ದು 2016ರಲ್ಲಿ. ಅಂದಿನಿಂದ ಟಿಕೆಟ್ ದರ ಎಲ್ಲಿಗೆ ಹೋಗಿದೆ ಎಂದು ನಿಮಗೇ ಗೊತ್ತು. ಕಂಪನಿಗೆ ನೋವಾಗುವಷ್ಟು ದೊಡ್ಡ ಮೊತ್ತ ಇದಲ್ಲ, ಅದಕ್ಕೇ ‘ಕೇಳಿದವರಿಗೆ ಕೊಟ್ಟರಾಯಿತು’ ಎಂಬ ಧೋರಣೆ. ಕೇಳುವವರು ಬಹಳ ಕಡಿಮೆ.

ಈಗ ಅವರ ಮೇಲ್‌ಗೆ ಬರೋಣ. ಅಸಲಿ ಆಟ ಇರುವುದು ಅಲ್ಲಿ.

ನಿಮ್ಮನ್ನು ಬಿಟ್ಟುಹೋದದ್ದಕ್ಕೆ ಕಂಪ್ಯೂಟರಿನಲ್ಲಿ ಒಂದು ಕಾರಣ ತುಂಬಲೇಬೇಕು. ಡಿನೈಡ್ ಬೋರ್ಡಿಂಗ್ ಎಂದು ತುಂಬಿದರೆ ದುಡ್ಡು ಕೊಡಬೇಕು. ‘ನೋ-ಶೋ’, ಅಂದರೆ ಪ್ರಯಾಣಿಕ ಬರಲೇ ಇಲ್ಲ ಅಥವಾ ತಡವಾಗಿ ಬಂದ ಎಂದು ತುಂಬಿದರೆ ಒಂದು ಪೈಸೆ ಕೊಡಬೇಕಿಲ್ಲ. ಒಂದು ಕ್ಲಿಕ್ಕಿನ ಅಂತರ.

ಒಂದು ಸಲ ನಾನೇ ಹಾಗೆ ಮಾಡಿದ್ದೇನೆ. ದೀಪಾವಳಿಗೆ ಹಿಂದಿನ ಶನಿವಾರ, ವಿಮಾನ ಬದಲಾಗಿ ಆರು ಸೀಟು ಕಡಿಮೆ ಬಿದ್ದಿತ್ತು. ಆರು ಜನರಲ್ಲಿ ಇಬ್ಬರು ಕೂಗಾಡಿದರು, ಅರ್ಧ ಗಂಟೆಯಲ್ಲಿ ಅವರ ಕೈಗೆ ಏನೇನು ಸಿಗಬೇಕೋ ಸಿಕ್ಕಿತು. ಒಬ್ಬರು ನಿವೃತ್ತ ಮೇಷ್ಟ್ರು, ಪುಣೆಗೆ ಮಗಳ ಮನೆಗೆ ಹೊರಟವರು. ಎರಡೂವರೆ ಗಂಟೆ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಅವರು ಏನೂ ಮಾತಾಡಲಿಲ್ಲ. ಮೇಲಿನವರು ‘ಅವರನ್ನು ನೋ-ಶೋ ಮಾಡು’ ಎಂದರು, ನಾನು ಮಾಡಿದೆ. ‘ನಾಳೆ ಎಷ್ಟು ಗಂಟೆಗೆ ಬರಲಿ ಮಗಾ?’ ಎಂದು ಅವರು ನನ್ನನ್ನೇ ಕೇಳಿದರು. ಇವತ್ತು ಇಂಥ ಪತ್ರಗಳಿಗೆ ಉತ್ತರ ಬರೆಯುತ್ತಾ ಕೂತಿರುವುದರಲ್ಲಿ ಆ ಮೇಷ್ಟ್ರ ಪಾಲೂ ಇದೆ ಅನ್ನಿ.

ನಿಮ್ಮ ವಿಷಯದಲ್ಲಿ ಅವರ ಮಾತು ನಿಲ್ಲುವುದಿಲ್ಲ. ತಡವಾಗಿ ಬಂದವರಿಗೆ ಯಾವ ಕಂಪನಿ ಊಟದ ಕೂಪನ್ ಕೊಡುತ್ತದೆ? ಯಾವ ಕಂಪನಿ ಬಿಟ್ಟಿಯಾಗಿ ಮರುದಿನದ ಸೀಟು ಕೊಡುತ್ತದೆ? ಹಾಗೆ ಕೊಡುವುದಾದರೆ ನಾವೆಲ್ಲ ಹಾಸನದಲ್ಲೇ ತಿಂಡಿ ತಿಂದು ನಿಧಾನಕ್ಕೆ ಹೊರಡಬಹುದಿತ್ತು ಅಲ್ವಾ? ಮೊದಲು ಅವರ ಮೇಲ್‌ಗೆ ಈ ಪ್ರಶ್ನೆಯನ್ನೇ ತಿರುಗಿ ಹಾಕಿ.

ಅದಕ್ಕಿಂತ ದೊಡ್ಡ ಸಾಕ್ಷಿ ನಿಮ್ಮ ಅಪ್ಪ ಅಮ್ಮನ ಬೋರ್ಡಿಂಗ್ ಪಾಸ್. ನಾಲ್ವರೂ ಒಂದೇ ಪಿಎನ್ಆರ್, ಒಟ್ಟಿಗೆ ಒಂದೇ ಕೌಂಟರಿನಲ್ಲಿ ನಿಂತಿದ್ದಿರಿ. ನೀವು ತಡವಾಗಿ ಬಂದಿದ್ದರೆ ಅವರೂ ತಡವಾಗಿಯೇ ಬಂದಿರಬೇಕು. ಆದರೆ ಅವರನ್ನು ಹತ್ತಿಸಿದ್ದಾರೆ. ಆ ಪಾಸಿನ ಮೇಲೆ ಸೀಟ್ ನಂಬರಿನ ಹತ್ತಿರ ‘ಸೀಕ್ವೆನ್ಸ್’ ಎಂದು ಮೂರಂಕಿಯ ಒಂದು ಸಂಖ್ಯೆ ಇರುತ್ತದೆ, ಯಾರೂ ಅದನ್ನು ನೋಡುವುದೇ ಇಲ್ಲ. ಚೆಕ್-ಇನ್ ಆದವರ ಸರದಿ ಅದು. ವೆಬ್ ಚೆಕ್-ಇನ್, ಅಂದರೆ ನಿಲ್ದಾಣಕ್ಕೆ ಬರುವ ಮೊದಲೇ ಆನ್‌ಲೈನ್‌ನಲ್ಲಿ ಚೆಕ್-ಇನ್ ಮಾಡಿದವರೂ ಅದರಲ್ಲಿ ಸೇರುತ್ತಾರೆ. ಅಪ್ಪನದು 112 ಇದೆ ಎಂದುಕೊಳ್ಳಿ, ವಿಮಾನದಲ್ಲಿ 180 ಸೀಟು. ಅವರಾದ ಮೇಲೆ ಇನ್ನೂ 60-70 ಜನಕ್ಕೆ ಪಾಸ್ ಕೊಟ್ಟಿದ್ದಾರೆ ಎಂದಾಯಿತು. ನೀವಿಬ್ಬರು ಪಕ್ಕದಲ್ಲಿ ನಿಂತಿದ್ದಾಗ. ಹೀಗೆ ಲೆಕ್ಕ ಹಾಕಿ ಬರೆದರೆ, ಉತ್ತರ ಬರೆಯುವವರಿಗೆ ಈ ಮನುಷ್ಯನಿಗೆ ಒಳಗಿನ ವಿಷಯ ಗೊತ್ತಿದೆ ಎಂದು ಅರ್ಥವಾಗುತ್ತದೆ.

ಇನ್ನೂ ಬೇಕಾದರೆ ಕಾರಿನ ಫಾಸ್ಟ್‌ಟ್ಯಾಗ್ ಮೆಸೇಜ್ ತೆಗೆಯಿರಿ. ಶಾಂತಿಗ್ರಾಮದ ಟೋಲ್ ಎಷ್ಟು ಗಂಟೆಗೆ ದಾಟಿದಿರಿ, ಮುಂದಿನದು ಎಷ್ಟಕ್ಕೆ, ಎಲ್ಲದಕ್ಕೂ ನಿಮಿಷದ ಲೆಕ್ಕ ಇರುತ್ತದೆ. ನಿಲ್ದಾಣದಲ್ಲಿ ಪಾರ್ಕಿಂಗ್ ಚೀಟಿ, ಕಾಫಿ ಕುಡಿದು ಯುಪಿಐ ಮಾಡಿದ್ದು, ಅಮ್ಮನ ಜೊತೆ ತೆಗೆದ ಸೆಲ್ಫಿ, ಎಲ್ಲವೂ ಸಾಕ್ಷಿಯೇ. (ಮೊದಲ ಸಲ ವಿಮಾನ ಹತ್ತುವವರ ಮನೆಯಲ್ಲಿ ಸೆಲ್ಫಿ ಇಲ್ಲದೆ ಇರುವುದಿಲ್ಲ.) ಡಿಜಿಯಾತ್ರಾ, ಅಂದರೆ ಮುಖ ಗುರುತಿಸಿ ಒಳಗೆ ಬಿಡುವ ಆ್ಯಪ್ ಮೂಲಕ ನಿಲ್ದಾಣದ ಒಳಗೆ ಹೋಗಿದ್ದರೆ ಅದನ್ನು ನಂಬಿಕೊಳ್ಳಬೇಡಿ. ವಿಮಾನ ಹೊರಟ 24 ಗಂಟೆಯೊಳಗೆ ಆ ಮಾಹಿತಿ ಅಳಿಸುವುದೇ ಅದರ ಕ್ರಮ.

ಸಹಿ ಹಾಕಿದ್ದಕ್ಕೆ ಹೆದರಬೇಡಿ. ಪರಿಹಾರವನ್ನು ನಗದಾಗಿ ಅಥವಾ ಬ್ಯಾಂಕ್ ಮೂಲಕ ಕೊಡಬೇಕು ಎನ್ನುತ್ತದೆ ನಿಯಮ. ಅದರ ಬದಲು ವೋಚರ್ ಕೊಡಬೇಕಾದರೆ ನೀವು ಒಪ್ಪಿ ಸಹಿ ಮಾಡಿರಬೇಕು. ಊಟದ ಕೂಪನ್ ಪಡೆದದ್ದಕ್ಕೆ ಹಾಕಿದ ಸಹಿ ‘ಇನ್ನೇನೂ ಬೇಡ’ ಎಂದು ಬರೆದುಕೊಟ್ಟ ಸಹಿಯಲ್ಲ. ಆ ಹಾಳೆಯ ಪ್ರತಿ ಕಳಿಸಿ ಎಂದು ಅವರನ್ನೇ ಕೇಳಿ. ಅದರಲ್ಲಿ ಏನು ಬರೆದಿತ್ತು ಎಂಬುದು ಅವರ ಹತ್ತಿರ ಇರುತ್ತದೆ. ಕೊಡದಿದ್ದರೆ ‘ಕೇಳಿದರೂ ಕೊಡಲಿಲ್ಲ’ ಎಂಬ ಸಾಲೂ ನಿಮ್ಮ ಕಡೆಗೇ ಬಂತು.

ದೂರು ಯಾರಿಗೆ? ಕಸ್ಟಮರ್ ಕೇರ್‌ಗೆ ಫೋನ್ ಮಾಡುವುದು ನಿಲ್ಲಿಸಿ. ಪ್ರತಿ ವಿಮಾನ ಕಂಪನಿಗೂ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿ, ಅವರ ಮೇಲೆ ಮೇಲ್ಮನವಿ ಅಧಿಕಾರಿ ಇರುತ್ತಾರೆ, ಅವರ ಮೇಲ್ ವಿಳಾಸ ಕಂಪನಿಯ ಜಾಲತಾಣದಲ್ಲಿ ಇರುತ್ತದೆ, ಬಹುತೇಕ ಕೊನೆಯ ಪುಟದ ಕೊನೆಯ ಮೂಲೆಯಲ್ಲಿ. ಅವರಿಗೆ ಬರೆಯಿರಿ. ಒಂದು ಪುಟ ಸಾಕು. ಪಿಎನ್ಆರ್, ದಿನಾಂಕ, ಬಂದ ಸಮಯ, ಕೌಂಟರಿನವರು ಹೇಳಿದ ಮಾತು, ಕೊಟ್ಟ ವಿಮಾನ, ನಿಯಮದ ಗುರುತು, ಲೆಕ್ಕ, ಬ್ಯಾಂಕ್ ಖಾತೆ. ಅಪ್ಪ ಅಮ್ಮ ಪಟ್ಟ ಪಾಡನ್ನು ಎರಡು ಸಾಲಿನಲ್ಲಿ ಬರೆಯಿರಿ, ಎರಡು ಪುಟ ಬೇಡ. ಪುರಾಣ ಬರೆದರೆ ನಡುವೆ ಇರುವ 18,000 ಅವರಿಗೆ ಕಾಣುವುದಿಲ್ಲ. ಖಾತೆ ನಿಮ್ಮದೇ ಕೊಡಿ, ಏಜೆಂಟರದ್ದಲ್ಲ. ಟಿಕೆಟಿನ ದುಡ್ಡು ವಾಪಸ್ ಬರುವುದಾದರೆ ಅದು ಏಜೆಂಟರ ಮೂಲಕ ಬರಬಹುದು, ಆದರೆ ಈ ಪರಿಹಾರ ಪ್ರಯಾಣಿಕನಿಗೆ ಸೇರಿದ್ದು.

ಅವರು ಸುಮ್ನೆ ಕೂತರೆ ವಿಮಾನಯಾನ ಸಚಿವಾಲಯದ ಏರ್‌ಸೇವಾ ಆ್ಯಪ್‌ನಲ್ಲಿ ದೂರು ಹಾಕಿ, 2016ರಿಂದ ಇದೆ. ಅಲ್ಲಿ ಹಾಕಿದ ಮೇಲೆ ಕಂಪನಿಯವರ ದನಿ ಮೆತ್ತಗಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಜೊತೆಗೆ ಗ್ರಾಹಕರ ಸಹಾಯವಾಣಿ 1915ಕ್ಕೂ ಒಂದು ಫೋನ್ ಮಾಡಿ. ಅಂದಹಾಗೆ, ಪರಿಹಾರ ಕೊಡದೆ ಆಟ ಆಡಿಸಿದರೆ ಡಿಜಿಸಿಎ ಸುಮ್ಮನಿರುತ್ತದೆ ಎಂದೇನಿಲ್ಲ. 2022ರ ಜೂನ್‌ನಲ್ಲಿ ಬೆಂಗಳೂರು, ಹೈದರಾಬಾದ್, ದೆಹಲಿಯಲ್ಲಿ ತಪಾಸಣೆ ಮಾಡಿ, ಟಿಕೆಟ್ ಇದ್ದವರನ್ನು ಬಿಟ್ಟುಹೋಗಿ ಪರಿಹಾರ ಕೊಡದಿದ್ದ ಏರ್ ಇಂಡಿಯಾಗೆ 10 ಲಕ್ಷ ರೂಪಾಯಿ ದಂಡ ಹಾಕಿತ್ತು. ಆದರೆ ದಂಡದ ದುಡ್ಡು ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಜೇಬಿಗಲ್ಲ.

ಜೇಬಿಗೆ ಬರಬೇಕಾದರೆ ಕೊನೆಯ ದಾರಿ ಗ್ರಾಹಕರ ಆಯೋಗ. ಇಲ್ಲಿ ನಿಮ್ಮ ಏಜೆಂಟರು ಎರಡನೇ ಸಲ ತಪ್ಪು ಹೇಳಿದ್ದಾರೆ. ‘ಕೇಸ್ ಹಾಕೋಕೆ ಕಂಪನಿ ಇರೋ ಊರಿಗೇ ಹೋಗಬೇಕು’ ಅಂದರಂತಲ್ಲ, ಅದು ಹಳೆಯ ಕಾಲದ ಮಾತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ದೂರುದಾರ ವಾಸ ಇರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂದಿದೆ. ಅಂದರೆ ಹಾಸನದ ಜಿಲ್ಲಾ ಗ್ರಾಹಕರ ಆಯೋಗದಲ್ಲೇ. ಕಂಪನಿಯವರು ಹಾಸನಕ್ಕೆ ಬರಲಿ, ಒಂದು ದಿನ ನಮ್ಮ ಬಸ್ ಸ್ಟ್ಯಾಂಡಿನ ಬಿಸಿಲೂ ನೋಡಲಿ. ಟಿಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ‘ವಿವಾದಗಳು ಇಂಥ ಊರಿನ ಕೋರ್ಟಿನಲ್ಲಿ ಮಾತ್ರ’ ಎಂದು ಅಚ್ಚು ಹಾಕಿರುತ್ತಾರೆ. ಅಂಥ ಸಾಲು ತೋರಿಸಿ ಇಂಥ ವಿಶೇಷ ವೇದಿಕೆಗಳ ಬಾಗಿಲು ಮುಚ್ಚುವಂತಿಲ್ಲ ಎಂದು ವಿಮಾನ ಕಂಪನಿಯದೇ ಒಂದು ಪ್ರಕರಣದಲ್ಲಿ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಖರ್ಚು? ನೀವು ಕೊಟ್ಟ ಟಿಕೆಟ್ ಬೆಲೆ 5 ಲಕ್ಷದೊಳಗೆ ಇರುವುದರಿಂದ ಶುಲ್ಕವೇ ಇಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಆನ್‌ಲೈನ್‌ನಲ್ಲಿ ಗ್ರಾಹಕರ ಆಯೋಗಗಳ ಇ-ಜಾಗೃತಿ ಜಾಲತಾಣದ ಮೂಲಕವೂ ಹಾಕಬಹುದು. ಘಟನೆ ನಡೆದ 2 ವರ್ಷದೊಳಗೆ ಹಾಕಬೇಕು, ನಿಮಗೆ ಇನ್ನೂ ಸಮಯ ಇದೆ. ಆಯೋಗದ ಮುಂದೆ 18,000ದ ಜೊತೆಗೆ ಆ ರಾತ್ರಿ ರೂಮಿಗೆ ಕೊಟ್ಟಿದ್ದು, ಟ್ಯಾಕ್ಸಿ, ಮಾನಸಿಕ ಹಿಂಸೆ, ದೂರಿನ ಖರ್ಚು ಎಲ್ಲ ಕೇಳಬಹುದು, ರಸೀದಿ ಇದ್ದರೆ ಒಳ್ಳೆಯದು. ತಂಗಿಯ ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಲಗತ್ತಿಸಿ. ಅದರಲ್ಲಿ ಮುಹೂರ್ತದ ಸಮಯ ಇರುತ್ತದೆ, ಅದಕ್ಕಿಂತ ಚೆನ್ನಾಗಿ ನಿಮ್ಮ ನಷ್ಟವನ್ನು ಬೇರೆ ಏನೂ ಹೇಳುವುದಿಲ್ಲ. ಆದರೆ ಹತ್ತು ಲಕ್ಷ ಕೇಳಬೇಡಿ. ಕೇಳುವ ಮೊತ್ತ ನೋಡಿ ನಗು ಬಂದರೆ ಉಳಿದ ವಾದವೂ ಹಗುರವಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ನಮ್ಮ ಕಡೆಯವರಿಗೆ ಬೇಕಾದ ಒಂದೆರಡು ಮಾತು ಸೇರಿಸುತ್ತೇನೆ. ಶಿರಾಡಿಯಲ್ಲಿ ಗುಡ್ಡ ಕುಸಿದು, ಇಲ್ಲವೇ ಚಾರ್ಮಾಡಿಯಲ್ಲಿ ಮರ ಬಿದ್ದು ಮಂಗಳೂರಿನ ವಿಮಾನ ತಪ್ಪಿದರೆ ಈ ಯಾವ ನಿಯಮವೂ ನೆರವಿಗೆ ಬರುವುದಿಲ್ಲ. ಅದು ನಿಜವಾದ ನೋ-ಶೋ. ಆಗಲೂ ಟಿಕೆಟಿನಲ್ಲಿರುವ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕ ವಾಪಸ್ ಕೇಳಬಹುದು, ಅದನ್ನೂ ಯಾರೂ ಕೇಳುವುದಿಲ್ಲ. ವಿಮಾನವೇ ರದ್ದಾದರೆ ಲೆಕ್ಕ ಬೇರೆ. ಎರಡು ವಾರ ಮೊದಲೇ ತಿಳಿಸಿದ್ದರೆ ಪರಿಹಾರವಿಲ್ಲ. ಸರಿಯಾಗಿ ತಿಳಿಸದೆ ರದ್ದು ಮಾಡಿದರೆ ಹಾರಾಟದ ಅವಧಿ ನೋಡಿ 5,000, 7,500 ಅಥವಾ 10,000, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಂಜು, ಮುಷ್ಕರದಂಥ ಅವರ ಕೈಮೀರಿದ ಕಾರಣಕ್ಕೆ ಅದೂ ಇಲ್ಲ. ಇಲ್ಲಿ ಏಜೆಂಟರ ಕಿತಾಪತಿ ಒಂದಿದೆ. ಬುಕ್ ಮಾಡುವಾಗ ತಮ್ಮ ಫೋನ್ ನಂಬರ್ ಹಾಕಿಬಿಡುತ್ತಾರೆ. ರದ್ದಾದ ಮೆಸೇಜ್ ಅವರಿಗೆ ಹೋಗುತ್ತದೆ, ನೀವು ಬೆಳಗಿನ ಜಾವ 3ಕ್ಕೆ ಎದ್ದು ಹೊರಟಿರುತ್ತೀರಿ. ಪ್ರಯಾಣಿಕನ ಸರಿಯಾದ ನಂಬರ್ ಇರದಿದ್ದರೆ ಆ ಪರಿಹಾರವೂ ಕೈತಪ್ಪುತ್ತದೆ. ತೋಟದ ಮನೆಯಲ್ಲಿ ಟವರ್ ಸಿಗದಿದ್ದರೆ ಪೇಟೆಯಲ್ಲಿರುವ ಮಗನ ನಂಬರ್ ಕೊಡಿ, ಜೊತೆಗೆ ಮೇಲ್ ವಿಳಾಸ.

ಮಗಳ ಬಾಣಂತನಕ್ಕೆಂದು ಅಮೆರಿಕ, ಜರ್ಮನಿಗೆ ಹೋಗಿಬರುವ ತಾಯಂದಿರು ಈಗ ನಮ್ಮಲ್ಲಿ ಕಡಿಮೆಯೇನಿಲ್ಲ, ಅವರಿಗೂ ಒಂದು ಸುಳಿವು. ಯುರೋಪಿನ ಒಕ್ಕೂಟದ ಯಾವುದೇ ನಿಲ್ದಾಣದಿಂದ ಹೊರಡುವ ವಿಮಾನಕ್ಕೆ ಅಲ್ಲಿನ ನಿಯಮ ಅನ್ವಯಿಸುತ್ತದೆ. ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಬರುವಾಗ ಹೀಗೆ ಬಿಟ್ಟುಹೋದರೆ 600 ಯೂರೋವರೆಗೂ ಸಿಗಬಹುದು. ಅಮೆರಿಕದಿಂದ ಹೊರಡುವಾಗ ಆದರೆ ತಡವಾದಷ್ಟೂ ದುಡ್ಡು ಜಾಸ್ತಿ. 2025ರ ಜನವರಿಯಿಂದ ಅಲ್ಲಿ ಮೇಲಿನ ಮಿತಿ 2,150 ಡಾಲರ್. ಅದರ ಹಿಂದೆ ಒಂದು ಕಥೆಯಿದೆ. 1972ರಲ್ಲಿ ಅಲ್ಲಿನ ಗ್ರಾಹಕ ಹೋರಾಟಗಾರ ರಾಲ್ಫ್ ನೇಡರ್ ಅವರನ್ನೇ ಒಂದು ಕಂಪನಿ ‘ಫ್ಲೈಟ್ ಫುಲ್’ ಎಂದು ಬಿಟ್ಟುಹೋಯಿತು. ಬಿಡುವ ಆಸಾಮಿಯೇ ಅಲ್ಲ ಆತ. ಪ್ರಕರಣ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತನಕ ಹೋಯಿತು. ಅದಕ್ಕೂ ಮೊದಲು, 1968ರಲ್ಲೇ, ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ ಒಂದು ಉಪಾಯ ಹೇಳಿದ್ದರು: ಬಲವಂತವಾಗಿ ಯಾರನ್ನೂ ಬಿಡಬೇಡಿ, ಎಷ್ಟು ಕೊಟ್ಟರೆ ಬಿಟ್ಟುಕೊಡುತ್ತೀರಿ ಎಂದು ಪ್ರಯಾಣಿಕರನ್ನೇ ಕೇಳಿ. ಕಂಪನಿಗಳು ಹತ್ತು ವರ್ಷ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ, ಆಮೇಲೆ ಅದೇ ಅಲ್ಲಿನ ನಿಯಮವಾಯಿತು. ನಮ್ಮ ನಿಯಮದ ‘ಮೊದಲು ಸ್ವಇಚ್ಛೆಯವರನ್ನು ಕೇಳಿ’ ಎಂಬ ಸಾಲಿನಲ್ಲಿರುವುದೂ ಅದೇ ಉಪಾಯ. ಹಾಗಾಗಿ ಎಂದಾದರೂ ಕೌಂಟರಿನವರು ‘ಯಾರಾದರೂ ಬಿಟ್ಟುಕೊಡುತ್ತೀರಾ’ ಎಂದು ಕೇಳಿದರೆ, ನಿಮಗೆ ಅವಸರವಿಲ್ಲದಿದ್ದರೆ, ಕೈ ಎತ್ತಿ. ಆದರೆ ಮೊದಲು ಹೇಳಿದ್ದಕ್ಕೇ ಒಪ್ಪಬೇಡಿ. ಒಲ್ಲದವನನ್ನು ಬಿಟ್ಟರೆ 10,000ದವರೆಗೆ ಕೊಡಬೇಕಾಗುತ್ತದೆ ಎಂದು ಅವರಿಗೂ ಗೊತ್ತು. ಸಂತೆಯಲ್ಲಿ ಶುಂಠಿ ಮೂಟೆಗೆ ಚೌಕಾಸಿ ಮಾಡುವವರು ನಾವು, ಇದೇನು ಮಹಾ.

ಮುಂದಿನ ಸಲಕ್ಕೆ: ಏಜೆಂಟರನ್ನು ಕಾಯದೆ ವೆಬ್ ಚೆಕ್-ಇನ್ ನೀವೇ ಮಾಡಿಕೊಳ್ಳಿ. ಸೀಟ್ ನಂಬರ್ ಇಲ್ಲದೆ ಬಂದವರೇ ಮೊದಲು ಪಕ್ಕಕ್ಕೆ ಹೋಗುವುದು. ಕುಟುಂಬವನ್ನು ಒಡೆದು ಕಳಿಸುತ್ತೇವೆ ಎಂದರೆ ಒಪ್ಪಬೇಡಿ, ‘ನಾಲ್ವರೂ ಒಟ್ಟಿಗೆ, ಇಲ್ಲದಿದ್ದರೆ ನಾಲ್ವರಿಗೂ ಪರಿಹಾರ’ ಎಂದು ಗಟ್ಟಿಯಾಗಿ ಹೇಳಿ. ‘ಪಕ್ಕದಲ್ಲಿ ನಿಂತಿರಿ’ ಎಂದ ಕೂಡಲೇ ಕೌಂಟರಿನ ಗಡಿಯಾರ ಕಾಣುವ ಹಾಗೆ ಒಂದು ಫೋಟೋ ತೆಗೆಯಿರಿ, ‘ಇದು ಡಿನೈಡ್ ಬೋರ್ಡಿಂಗ್ ಅಲ್ವಾ, ಹಾಗಂತ ಬರೆದುಕೊಡಿ’ ಎಂದು ಕೇಳಿ. ಬರೆದುಕೊಡುವುದಿಲ್ಲ ಎಂದರೆ ಅಲ್ಲಿಂದಲೇ ಕಂಪನಿಗೆ ಎರಡು ಸಾಲಿನ ಮೇಲ್ ಹಾಕಿ. ಕಂಗ್ಲಿಷ್ ಆದರೂ ಪರವಾಗಿಲ್ಲ, ಮೇಲ್‌ಗೆ ಸಮಯ ಬೀಳುತ್ತದೆ. ಸಂಜೆ 5.10ಕ್ಕೆ ನಿಲ್ದಾಣದ ಒಳಗಿನಿಂದ ಮೇಲ್ ಹಾಕಿದವನನ್ನು ತಡವಾಗಿ ಬಂದವನು ಎನ್ನುವುದು ಕಷ್ಟ.

ಸದ್ಯಕ್ಕೆ ಇವತ್ತೇ ಆಗಬೇಕಾದ ಕೆಲಸ ಒಂದೇ. ಅಪ್ಪ ಅಮ್ಮನ ಬೋರ್ಡಿಂಗ್ ಪಾಸ್ ಹುಡುಕಿ. ಮೊದಲ ವಿಮಾನ ಪ್ರಯಾಣದ ಚೀಟಿ, ಅಮ್ಮ ಎಸೆದಿರುವುದಿಲ್ಲ. ಬೀರುವಿನಲ್ಲಿ ಸೀರೆ ಕೆಳಗೋ, ದೇವರ ಮನೆಯಲ್ಲಿ ಪಂಚಾಂಗದ ಒಳಗೋ ಇಟ್ಟಿರುತ್ತಾರೆ. ಅದು ಎಟಿಎಂ ಚೀಟಿಯಂಥದ್ದೇ ಕಾಗದ, ದಿನ ಕಳೆದ ಹಾಗೆ ಅಕ್ಷರ ಮಾಸುತ್ತಾ ಹೋಗುತ್ತದೆ, ಬಿಸಿಲಿಗಿಟ್ಟರಂತೂ ಇನ್ನೂ ಬೇಗ. ಅಕ್ಷರ ಇರುವಾಗಲೇ ಆಲೂರಿನಲ್ಲಿ ಎರಡು ಜೆರಾಕ್ಸ್ ಮಾಡಿಸಿ, ಫೋನಿನಲ್ಲೂ ಒಂದು ಫೋಟೋ ಇಟ್ಟುಕೊಳ್ಳಿ. ಸೀಕ್ವೆನ್ಸ್ ನಂಬರ್ ಎಷ್ಟಿದೆ ಎಂದು ನನಗೂ ಬರೆಯಿರಿ, ಪತ್ರದ ಕರಡು ನೋಡಿಕೊಡುತ್ತೇನೆ.